ಹಪ್ಪಳದ ಡಬ್ಬಿಯಲ್ಲಿ ದುರ್ಬೀನು

ಮೊನ್ನೆ ಮೇಜಿನ ಖಾನೆಯಲ್ಲಿ ಗುಂಡುಸೂಜಿಯ ಪೆಟ್ಟಿಗೆ ಹುಡುಕುತ್ತಿದ್ದಾಗ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಕೈಗೆ ಸಿಕ್ಕಿತು. ‘ಮೊನ್ನೆ’ ಎಂದು ಬರೆದ ಮೇಲೆ ಅನುಮಾನ ಬಂದು ದಿನಚರಿ ತೆಗೆದು ನೋಡಿದೆ. ಅದು ಮೊನ್ನೆಯಲ್ಲ, ಆಚೆ ಮೊನ್ನೆ. ಓದುಗರು ಈ ತಿದ್ದುಪಡಿಯನ್ನು ದಯವಿಟ್ಟು ಗಮನಿಸಬೇಕು. ಮುಚ್ಚಳವು ನಮ್ಮ ಹಳೆಯ ಎರಡು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು, ಒಂದು ಬದಿ ನುಣುಪು, ಇನ್ನೊಂದು ಬದಿ ಬಟ್ಟಲಿನಂತೆ ತಗ್ಗು. ಇದು ಯಾವುದರ ಮುಚ್ಚಳ ಎಂದು ಕಣ್ಣು ಹೇಳುವ ಮೊದಲೇ ಮೂಗು ಹೇಳಿತು. ಹಲಸಿನ ಹಪ್ಪಳದ ವಾಸನೆ. ಅರೆದ ಹಲಸು, ಒಣಮೆಣಸು, ಕೊತ್ತಂಬರಿ, ಮೇಲೆ ಒಂದಿಷ್ಟು ಬಿಸಿಲು. ಬಂದೂಕಿನ ದುರ್ಬೀನಿನ ಮುಚ್ಚಳಕ್ಕೆ ಹಲಸಿನ ಹಪ್ಪಳದ ವಾಸನೆ ಹೇಗೆ ಬಂತು ಎಂದು ನೀವು ಕೇಳಿದರೆ, ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕಾಗುತ್ತದೆ.

ನಾನು ವೃತ್ತಿಯಿಂದ ಹಳೆಯ ಕಡತಗಳ ಮನುಷ್ಯ. ಯಾವ ಪತ್ರ ಯಾವಾಗ ಬರೆದದ್ದು, ಅದರ ಮೇಲಿನ ತೇದಿ ನಿಜವೇ, ತೇದಿ ಇಲ್ಲದಿದ್ದರೆ ಅದನ್ನು ಹೇಗೆ ನಿಷ್ಕರ್ಷಿಸಬೇಕು ಎಂಬುದರಲ್ಲೇ ನನ್ನ ಸೇವಾವಧಿ ಕಳೆಯಿತು. ಈ ಕೆಲಸದಲ್ಲಿ ನಾನು ನಂಬಿಕೊಂಡ ನಿಯಮ ಒಂದೇ: ಪರಸ್ಪರ ಸಂಬಂಧವಿಲ್ಲದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಅದನ್ನು ಸತ್ಯವೆಂದು ಸ್ವೀಕರಿಸಬಹುದು; ಒಬ್ಬನೇ ಹೇಳಿದರೆ ಅದು ವದಂತಿ. ನಿವೃತ್ತನಾಗಿ ಶಿರಸಿಗೆ ಬಂದು ನೆಲೆಸಿದ ಮೇಲೂ ಈ ನಿಯಮ ನನ್ನನ್ನು ಬಿಡಲಿಲ್ಲ. ಹಾಲಿನವನು ‘ನಾಳೆ ಬರೋದಿಲ್ಲ’ ಎಂದರೆ ಪಕ್ಕದ ಮನೆಯಲ್ಲೂ ಒಮ್ಮೆ ವಿಚಾರಿಸಿಕೊಳ್ಳುತ್ತಿದ್ದೆ.

ಈ ಪ್ರಸಂಗದ ನಾಯಕ ಸಿದ್ದಾಪುರದ ಕಡೆ ದೊಡ್ಮನೆಯ ಹತ್ತಿರವಿರುವ ಗಣಪತಿ ಭಾವ, ನನ್ನ ಅಕ್ಕ ಗೌರಿಯ ಗಂಡ; ಊರವರಿಗೆ ಹೆಗಡೇರು. ಅವರ ತಂದೆಯ ಕಾಲದಿಂದ ಬಂದ ಒಂದು ಸಣ್ಣ ರೈಫಲ್ಲು, ಅದರ ಪರವಾನಿಗೆ, ಮತ್ತು ಅದರ ಸುತ್ತ ಬೆಳೆದ ಮರ್ಯಾದೆ, ಇವು ಮೂರೂ ಅವರ ಪಾಲಿಗೆ ಬಂದಿದ್ದವು. ಭಾವ ಪ್ರಾಣಿಯ ಮೇಲೆ ಗುಂಡು ಹಾರಿಸಿದ್ದನ್ನು ನಾನು ಕಂಡಿಲ್ಲ. ಅಕ್ಕನೂ ಕಂಡಿಲ್ಲವೆಂದು ಹೇಳಿದ್ದರಿಂದ ಇದನ್ನು ಸತ್ಯವೆಂದೇ ಹೇಳಬಹುದು. ಅವರ ಆಸಕ್ತಿಯೆಲ್ಲ ಗುರಿಯಲ್ಲಿ.

ಚುನಾವಣೆ ಬಂದಾಗಲೆಲ್ಲ ಪರವಾನಿಗೆದಾರರು ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಚೀಟಿ ಪಡೆದುಕೊಳ್ಳಬೇಕಷ್ಟೆ. ಭಾವನ ಕಾಲಗಣನೆ ನಡೆಯುವುದೇ ಇದರ ಮೇಲೆ. ಬಾವಿ ತೋಡಿಸಿದ್ದು ಯಾವಾಗ ಎಂದರೆ, ‘ಬಂದೂಕು ನಾಲ್ಕನೇ ಸಲ ಠಾಣೆಗೆ ಹೋಗಿತ್ತಲ, ಆವಾಗ’ ಎನ್ನುತ್ತಾರೆ. ಮೊದಮೊದಲು ನಾನು ಇದನ್ನು ಕೇಳಿ ನಗುತ್ತಿದ್ದೆ. ಆಮೇಲೆ ಅವರು ಜೋಪಾನವಾಗಿಟ್ಟ ಠಾಣೆಯ ಚೀಟಿಗಳನ್ನೂ ನನ್ನ ದಿನಚರಿಗಳನ್ನೂ ಎದುರುಬದುರು ಇಟ್ಟು ಮೂರು ಘಟನೆಗಳನ್ನು ಪರಿಶೀಲಿಸಿದೆ. ಮೂರರಲ್ಲೂ ಭಾವನೇ ಸರಿ. ಅಂದಿನಿಂದ ನಗುವುದನ್ನು ಬಿಟ್ಟೆ.

ಆ ಮರ್ಯಾದೆಯ ಮಾತಿಗೆ ಬರುತ್ತೇನೆ. ವಿಜಯದಶಮಿಯ ಮಧ್ಯಾಹ್ನ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆಯ ಕೆಲವು ಬಂದೂಕಿನ ಮನೆಯವರು ಠಾಣೆಯ ಅನುಮತಿ ಪಡೆದು, ಕಲ್ಲು ತೆಗೆದು ಬಿಟ್ಟ ಒಂದು ಚಿರೆಕಲ್ಲಿನ ಕಣಿಯಲ್ಲಿ ಸೇರುವ ರೂಢಿಯಿತ್ತು. ಮೂರು ಬದಿಗೂ ಆಳೆತ್ತರದ ಕೆಂಪು ಗೋಡೆ ಇರುವುದರಿಂದ ಗುಂಡು ಹೊರಗೆ ಹೋಗುವ ಭಯವಿಲ್ಲ. ಗೋಡೆಗೆ ಮುಂದಾಗಿ ಗಳ ನೆಟ್ಟು, ಹುರಿಹಗ್ಗದಲ್ಲಿ ಸುಲಿದ ತೆಂಗಿನಕಾಯಿ ತೂಗುಬಿಡುತ್ತಾರೆ. ಕಾಯಿಯಿಂದ ನೀರು ಸೋರಿದರೆ ಗುರಿ ಮುಟ್ಟಿದಂತೆ. ಬಹುಮಾನವಿಲ್ಲ, ಫಲಕವಿಲ್ಲ. ಆದರೆ ‘ಮೊದಲ ಗುಂಡು’ ಎಂಬ ಹಕ್ಕು ಒಂದು ಮನೆಯದು. ಅದು ಭಾವನ ತಂದೆಗಿತ್ತು, ಆಮೇಲೆ ಭಾವನಿಗೆ ಬಂತು. ಮೊದಲ ಗುಂಡು ಸತತ ಮೂರು ವರ್ಷ ತಪ್ಪಿದರೆ ಹಕ್ಕು ಮುಂದಿನ ಮನೆಗೆ ಹೋಗುತ್ತದೆ. ಮುಂದಿನ ಮನೆಯೆಂದರೆ ಇಡಗುಂದಿಯ ಈಶ್ವರ ನಾಯ್ಕರದು. ಲೆಕ್ಕ ಬರೆದಿಡುವ ಕೆಲಸವನ್ನು ‘ತೇದಿಯ ವಿಷಯದಲ್ಲಿ ತಂಟೆ ಬರಬಾರದು’ ಎಂದು ನನಗೆ ವಹಿಸಿದ್ದರು.

ಭಾವ ಎರಡು ವರ್ಷ ತಪ್ಪಿದ್ದರು.

ಎರಡನೆಯ ಸಲ ತಪ್ಪಿದ ಸಂಜೆ ಈಶ್ವರ ನಾಯ್ಕರು ಎಲೆಯಡಿಕೆ ಕವಳದ ಸಂಚಿ ಬಿಚ್ಚುತ್ತ ಭಾವನ ಪಕ್ಕದಲ್ಲಿ ಕುಳಿತರು. ಎತ್ತರದ ಆಳು, ನಗುವಾಗ ಹೆಗಲೂ ನಗುತ್ತದೆ.

“ಹೆಗಡೇರೇ, ಬರೋ ವರ್ಷ ನಂಗೆ ಹೊಸ ಅಂಗಿ ಹೊಲಿಸ್ಬೇಕು ಮಾರಾಯ್ರೇ. ಮೊದಲ್ನೇ ಗುಂಡು ಹೊಡಿಯೋಕೆ ಹಳೇ ಅಂಗಿ ಆಗ್ತದ್ಯೇ?”

“ಬಟ್ಟೆ ತಗಂಡು ಇಟ್ಗ. ಹೊಲಿಸ್ಬೇಡ” ಎಂದರು ಭಾವ.

ನಗುತ್ತಲೇ ಅಂದರು. ಆದರೆ ಮನೆ ಹತ್ತಿರ ಬಂದಾಗ, “ನಳಿಗೆ ತುದಿಯ ಮಣಿ ಎಂಗೆ ಎರಡೆರಡು ಕಾಣ್ತು, ಭಾವ. ಯಾವುದರಲ್ಲಿ ಗುರಿ ಹಿಡಿಯವು?” ಎಂದು ಕೇಳಿದರು. ಅಕ್ಕನ ಗಂಡ ನನಗೆ ಭಾವ, ನಾನು ಅವರಿಗೂ ಭಾವ. ನಮ್ಮ ಕಡೆಯ ಈ ಸಮಾನತೆ ನನಗೆ ಇಷ್ಟ. ಮುಂದಿನ ವರ್ಷವೂ ತಪ್ಪಿದರೆ ಬಂದೂಕನ್ನು ಠಾಣೆಗೆ ಒಪ್ಪಿಸಿ, ಚೀಟಿಯನ್ನೂ ಪಡೆಯದೆ ಬರುತ್ತೇನೆ ಎಂದರು. ಅವರ ಕಾಲಗಣನೆಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಪಂಚಾಂಗವನ್ನೇ ಬಾವಿಗೆ ಎಸೆಯುತ್ತೇನೆ ಅಂದ ಹಾಗೆ.

“ದುರ್ಬೀನು ಹಾಕಿಸೋಣ” ಎಂದೆ ನಾನು. ಎಲ್ಲ ತಪ್ಪೂ ಶುರುವಾಗಿದ್ದು ಇಲ್ಲಿಂದ.

ಮೊದಲು ನಿಯಮದ ಪ್ರಶ್ನೆ ಬಂತು. ಕಣಿಯ ಸ್ಪರ್ಧೆಯಲ್ಲಿ ಯಾರೂ ಅದುವರೆಗೆ ದುರ್ಬೀನು ಬಳಸಿರಲಿಲ್ಲ. ನಾನು ಈಶ್ವರ ನಾಯ್ಕರ ಅಭಿಪ್ರಾಯ ಕೇಳಲೆಂದೇ ಯಲ್ಲಾಪುರದ ಬಸ್ಸು ಹತ್ತಿ ಇಡಗುಂದಿಗೆ ಹೋದೆ. ಅವರು ಗದ್ದೆಯ ಬದುವಿನ ಮೇಲೆ ನಿಂತೇ ತೀರ್ಪು ಕೊಟ್ಟರು: “ಕಣ್ಣಿಗೆ ಕನ್ನಡಕ ಹಾಕ್ಕಂಡು ಬರೂದು ತಪ್ಪಲ್ಲ ಅಂದ್ಮೇಲೆ ಬಂದೂಕಿಗೆ ಹಾಕೂದು ಹ್ಯಾಂಗೆ ತಪ್ಪಾಗ್ತದೆ, ರಾಯರೇ? ಹಾಕಿಸ್ಲಿ. ಆದ್ರೆ ಕನ್ನಡಕ ಬೇಕಾಗಿದ್ದು ಬಂದೂಕಿಗೋ ಹೆಗಡೇರಿಗೋ, ಅದೊಂದು ಮೊದಲು ಕೇಳ್ಕಣಿ.” ಇದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ‘ವಿನೋದ’ ಎಂಬ ಶೀರ್ಷಿಕೆಯಡಿ ಬರೆದುಕೊಂಡೆ. ‘ಆಧಾರ’ ಎಂಬ ಶೀರ್ಷಿಕೆಯಡಿ ಬರೆದಿದ್ದರೆ ಎಷ್ಟೋ ತಿಂಗಳು ಉಳಿಯುತ್ತಿತ್ತು.

ಆಮೇಲೆ ನಾನು ಅಧ್ಯಯನಕ್ಕೆ ಕುಳಿತೆ. ಬಂದೂಕು ಮುಟ್ಟಿ ಗೊತ್ತಿಲ್ಲದವನು ದುರ್ಬೀನಿನ ಶಾಸ್ತ್ರದಲ್ಲಿ ಮುಳುಗಿದ ಬಗೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ, ಸಂತೋಷವೂ ಆಗುತ್ತದೆ. ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸಬೇಕು, ಮುಂಗಾಜು ಎಷ್ಟು ಅಗಲವಿರಬೇಕು, ಗಾಜಿನಿಂದ ಕಣ್ಣು ಎಷ್ಟು ದೂರವಿದ್ದರೆ ಪೂರ್ತಿ ಚಿತ್ರ ಕಾಣುತ್ತದೆ, ತಲೆ ತುಸು ಅಲುಗಿದರೆ ಗುರಿಯ ಗೆರೆ ಕಾಯಿಯ ಮೇಲಿಂದ ಜಾರಿದಂತೆ ಕಾಣುವ ದೋಷವನ್ನು ಹೇಗೆ ಸರಿಪಡಿಸಬೇಕು, ಎಲ್ಲಕ್ಕೂ ಕೋಷ್ಟಕ ಮಾಡಿದೆ. ಒಂದು ಕಾಲದಲ್ಲಿ ಗುರಿಯ ಗೆರೆಗೆ ಜೇಡರ ಬಲೆಯ ಎಳೆಯನ್ನು ಬಳಸುತ್ತಿದ್ದರೆಂದು ಎಲ್ಲೋ ಓದಿ, ಅದನ್ನು ಇನ್ನೊಂದು ಕಡೆ ಖಚಿತಪಡಿಸಿಕೊಂಡು, ಭಾವನಿಗೆ ಫೋನು ಮಾಡಿ ಹೇಳಿದೆ. “ನಮ್ಮನೆ ಅಟ್ಟದಲ್ಲಿ ಬೇಕಾದಷ್ಟು ಇದ್ದು, ಕಳಿಸ್ಲಾ?” ಎಂದರು.

ಜೊತೆಯ ಸಾಮಾನುಗಳ ಪಟ್ಟಿಯೂ ಉದ್ದವಾಯಿತು. ದುರ್ಬೀನನ್ನು ಬಂದೂಕಿನ ಬೆನ್ನಿಗೆ ಹಿಡಿದಿಡುವ ಜೋಡಿ ಬಳೆ, ನಳಿಗೆಗೆ ಆಸರೆಯಾಗುವ ಎರಡು ಕಾಲಿನ ನಿಲುವು, ಹೆಗಲಪಟ್ಟಿ, ಒರೆಸುವ ಬಟ್ಟೆ, ಬಂದೂಕು ಓರೆಯಾದರೆ ತೋರಿಸುವ ನೀರ್ಗುಳ್ಳೆಯ ಮಟ್ಟಗೋಲು. ಭಾವ ಪಟ್ಟಿಯನ್ನು ಗೌರವದಿಂದ ಓದಿ ಬಳೆಯೊಂದನ್ನುಳಿದು ಮಿಕ್ಕಿದ್ದನ್ನೆಲ್ಲ ತಿರಸ್ಕರಿಸಿದರು. ಎರಡು ಕಾಲಿನ ನಿಲುವಿನ ಬದಲು ಅಕ್ಕ ಒಂದು ಹಳೆಯ ಪ್ಯಾಂಟಿನ ಕಾಲನ್ನು ಕತ್ತರಿಸಿ, ಭತ್ತದ ಹೊಟ್ಟು ತುಂಬಿ, ಎರಡು ತುದಿಯನ್ನೂ ಹೊಲಿದು ದಿಂಬು ಮಾಡಿಕೊಟ್ಟಳು. ಪ್ಯಾಂಟು ನನ್ನದು, ಒಂದು ವಿಚಾರ ಸಂಕಿರಣಕ್ಕೆಂದು ಹೊಲಿಸಿದ್ದು, ಅವರ ಮನೆಯಲ್ಲಿ ಮರೆತು ಬಂದಿದ್ದೆ. ನಾನು ಪ್ರಬಂಧ ಮಂಡಿಸುವಾಗ ನಡುಗಿದ ಕಾಲಿನ ಮೇಲೆ ಬಂದೂಕು ಮಾತ್ರ ಅಲ್ಲಾಡದೆ ನಿಂತಿತು. ಬಳೆಯ ತಿರುಪುಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕೆಂದು ನಾನು ಓದಿದ್ದನ್ನು ಗಂಭೀರವಾಗಿ ಹೇಳಿದಾಗ ಭಾವ, “ಜೀಪಿನ ಗಾಲಿ ನಟ್ಟಿಗೂ ಹಂಗೇಯ. ಅದಕ್ಕೆ ಪುಸ್ತಕ ಎಂತಕ್ಕೆ?” ಎಂದರು.

ಮೊದಲ ದುರ್ಬೀನು ಹುಬ್ಬಳ್ಳಿಯಿಂದ ಬಂತು. ನಾಲ್ಕು ಪಟ್ಟು ತೋರಿಸುವ ಸಾದಾ ನಮೂನೆ. ಯುಗಾದಿ ಕಳೆದ ಮೇಲಿನ ಒಂದು ಬೆಳಿಗ್ಗೆ ಅಂಗಳದ ತುದಿಯಲ್ಲಿ ದಿಂಬಿನ ಮೇಲೆ ಖಾಲಿ ಬಂದೂಕನ್ನು ಇಟ್ಟು, ಬೇಲಿಯ ಗೂಟಕ್ಕೆ ನೇತುಹಾಕಿದ ಕಾಯಿಯನ್ನು ಭಾವ ನೋಡಿದರು. ತುಂಬ ಹೊತ್ತು ನೋಡಿದರು.

“ಮಂಜು ಮಂಜಾಗಿ ಕಾಣ್ತು.”

ನಾನೂ ಬಗ್ಗಿ ನೋಡಿದೆ. ಹೌದು, ಮಂಜು. ಕಾಯಿಯ ಸುತ್ತ ಹಾಲು ಚೆಲ್ಲಿದ ಹಾಗೆ. ಇಬ್ಬರು ಸಾಕ್ಷಿಗಳು, ಬೇರೆಬೇರೆ ತಲೆ, ಬೇರೆಬೇರೆ ಕಣ್ಣು, ಒಂದೇ ಹೇಳಿಕೆ. ಟಿಪ್ಪಣಿ ಪುಸ್ತಕದಲ್ಲಿ ‘ಗಾಜಿನೊಳಗೆ ಮಂಜು, ಖಚಿತ’ ಎಂದು ಬರೆದೆ.

ಕಾರಣ ಹುಡುಕಲು ನಾವು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಬೆಲ್ಟಿಗೆ, ಚಪ್ಪಲಿಗೆ, ಗೋಡೆಯ ಭಾವಚಿತ್ರಕ್ಕೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಕ್ಯಾಮರಾದ ಗಾಜಿಗೆ ಬೂಷ್ಟು ಹಿಡಿದು ಹಾಳಾದವರ ಕಥೆ ಎಲ್ಲರಿಗೂ ಗೊತ್ತು. ದುರ್ಬೀನಿಗೂ ಹವೆ ತಾಗಿದೆ, ಅಷ್ಟೇ. ಅದನ್ನು ಪಕ್ಕಕ್ಕಿಟ್ಟು ಯಲ್ಲಾಪುರದ ಪರಿಚಿತರೊಬ್ಬರಿಂದ ಒಂಬತ್ತು ಪಟ್ಟಿನದನ್ನು ಎರವಲು ತಂದೆವು. ಅದರಲ್ಲಿ ಮಂಜು ಹೆಚ್ಚಿತ್ತು. ಮೂರನೆಯದನ್ನು ಕೊರಿಯರ್‌ನಲ್ಲಿ ತರಿಸಿದೆವು. ಇಪ್ಪತ್ತನಾಲ್ಕು ಪಟ್ಟು, ಎತ್ತಿದರೆ ಸೌತೆಕಾಯಿಯಷ್ಟು ಭಾರ. ಅದರಲ್ಲಿ ಕಾಯಿಯೇ ಕಾಣಲಿಲ್ಲ, ಬರೀ ಹಿಟ್ಟು ಕದಡಿದ ನೀರು. ದುರ್ಬೀನು ದೊಡ್ಡದಾದಷ್ಟೂ ಮಂಜು ದಟ್ಟವಾಗುತ್ತಿತ್ತು. ಇನ್ನೂ ವಿಚಿತ್ರವೆಂದರೆ ಮೋಡದ ದಿನಕ್ಕಿಂತ ಬಿಸಿಲಿನ ದಿನ ಹೆಚ್ಚು. ಲೋಕದ ಮಂಜು ಬಿಸಿಲಿಗೆ ಕರಗುತ್ತದೆ, ನಮ್ಮದು ಬೆಳೆಯುತ್ತಿತ್ತು. ಇದನ್ನು ಗಮನಿಸಿದಾಗಲಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಬದಲಿಗೆ, ಕೊಳವೆಯೊಳಗಿನ ತೇವ ಬಿಸಿಲಿಗೆ ಆವಿಯಾಗಿ ಗಾಜಿಗೆ ಅಂಟುತ್ತದೆ ಎಂದು ಒಂದು ಸಿದ್ಧಾಂತ ಕಟ್ಟಿದೆ. ಭಾವ ಅದನ್ನು ಕೇಳಿ ತಲೆದೂಗಿದರು. ಅವರ ಮೆಚ್ಚುಗೆಯನ್ನೂ ಪುರಾವೆಯಾಗಿ ಪರಿಗಣಿಸಿದೆ.

ಹಾಗಾದರೆ ತೇವ ತೆಗೆಯಬೇಕು. ಮಳೆ ಹಿಡಿದ ಮೇಲೆ ನಮ್ಮ ಮನೆಗಳಲ್ಲಿ ಅತ್ಯಂತ ಒಣಗಿದ ಜಾಗ ಯಾವುದು? ಎರಡು ದಿನ ಯೋಚಿಸಿ ಭಾವ ಉತ್ತರ ಕಂಡುಹಿಡಿದರು. ಅಕ್ಕನ ಹಪ್ಪಳದ ಡಬ್ಬಿ. ಬೇಸಿಗೆಯಲ್ಲಿ ಹಚ್ಚಿ ಒಣಗಿಸಿದ ಹಲಸಿನ ಹಪ್ಪಳವನ್ನು ಅವಳು ತುಂಬುವ ಆ ದೊಡ್ಡ ತಗಡಿನ ಡಬ್ಬಿಗೆ, ಬಾಯಿಗೆ ಬಟ್ಟೆ ಸುತ್ತಿ ಮುಚ್ಚಳ ಬಿಗಿದರೆ, ಶ್ರಾವಣದ ಗಾಳಿಯೂ ನುಗ್ಗುವುದಿಲ್ಲ. ಅಕ್ಕ ಸೊಸೈಟಿಗೆ ಹೋದ ಹೊತ್ತು ನೋಡಿ ಮೊದಲನೆಯ ದುರ್ಬೀನನ್ನು ಹಪ್ಪಳಗಳ ನಡುವೆ ಮಲಗಿಸಿದೆವು. ಇಬ್ಬರ ವಯಸ್ಸನ್ನೂ ಕೂಡಿದರೆ ನೂರಮೂವತ್ತಕ್ಕೆ ಹತ್ತಿರ; ಆದರೂ ಕದ್ದ ಕೆಲಸದ ಖುಷಿ ಬೇರೆಯೇ.

ಒಂದು ವಾರ ಕಳೆದಿರಬೇಕು. ನಾನು ಅವರಲ್ಲಿಗೇ ಹೋಗಿದ್ದೆ. ಮಳೆ ಬಿಟ್ಟು ಹೊಳವಾಗಿ ಎಳೆಬಿಸಿಲು ಬಿದ್ದ ಮಧ್ಯಾಹ್ನ. ನಾವಿಬ್ಬರೂ ಊಟಕ್ಕೆ ಕುಳಿತಿದ್ದೆವು. ಅಕ್ಕ ಹಪ್ಪಳ ಕರಿಯಲೆಂದು ಡಬ್ಬಿ ತೆಗೆದಳು. ಒಳಗಿನಿಂದ ಬಂದ ಸದ್ದು ಎಣ್ಣೆಯದಾಗಿರಲಿಲ್ಲ.

“ಎನ್ನ ಹಪ್ಪಳದ ಡಬ್ಬಿಲಿ ಈ ಕೊಳವೆ ಎಂತಕ್ಕೆ ಬಂತು? ತಮಾ, ನಿಂದೇ ಕೆಲಸ ಇದು. ನಿನ್ನ ಭಾವಂಗೆ ಇಷ್ಟು ಬುದ್ಧಿ ಇಲ್ಲೆ.”

ಇದನ್ನು ಹೊಗಳಿಕೆಯೆಂದು ತಿಳಿಯಬೇಕೋ ಬೇಡವೋ ಎಂದು ನಾನು ತೂಗಿನೋಡುತ್ತಿರುವಾಗ ಭಾವ ವಿವರಣೆ ಕೊಡಲು ಹೊರಟರು. ಗಾಜಿಗೆ ಮಂಜು, ಒಳಗೆ ತೇವ, ಒಣಹವೆ. ಅಕ್ಕ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು, ಮುಚ್ಚಳ ತೆಗೆದು, ದುರ್ಬೀನನ್ನು ಕಣ್ಣಿಗೆ ಹಿಡಿದು ಕಿಟಕಿಯಿಂದ ಹೊರಗೆ ನೋಡಿದಳು.

“ಮಂಜು ಎಲ್ಲಿದ್ದು?”

“ಸರಿಯಾಗಿ ನೋಡು” ಎಂದರು ಭಾವ.

“ಸರಿಯಾಗೇ ಕಾಣ್ತು. ಗೇಟಿನ ಮೇಲೆ ಒಂದು ಓತಿಕ್ಯಾತ ಕೂತಿದ್ದು. ಗಂಟಲು ಉಬ್ಬಿಸ್ತಾ ಇದ್ದು. ಅದರ ಬೆನ್ನಿನ ಮುಳ್ಳು ಎಣಿಸಿ ಹೇಳ್ಲಾ?”

ನಾವಿಬ್ಬರೂ ಊಟ ಬಿಟ್ಟು ಎದ್ದು ಗೇಟಿನತ್ತ ನೋಡಿದೆವು. ನಮಗೆ ಗೇಟು ಕಂಡಿತು. ಓತಿಕ್ಯಾತ ಕಾಣಲಿಲ್ಲ. ಅಕ್ಕ ನಮ್ಮನ್ನು ನೋಡಿದಳು. ಮೊದಲು ಗಂಡನ ಕಣ್ಣನ್ನು, ಆಮೇಲೆ ನನ್ನ ಕಣ್ಣನ್ನು, ಮಾರುಕಟ್ಟೆಯಲ್ಲಿ ಹಾಗಲಕಾಯಿ ಆರಿಸುವಾಗಿನ ನೋಟದಿಂದ. “ಹಾಳಾಗಿದ್ದು ಗಾಜಲ್ಲ, ನಿಂಗಳ ಕಣ್ಣು. ಇಬ್ಬರದ್ದೂವ” ಎಂದಳು.

ಸುಲಭವಾಗಿ ಒಪ್ಪಿದ್ದರೆ ನಾನು ಸಂಶೋಧಕನೇ ಅಲ್ಲ. ಎರಡು ಸಾಕ್ಷ್ಯಗಳ ಎದುರು ಒಂದು ಸಾಕ್ಷ್ಯ ನಿಲ್ಲುವುದಿಲ್ಲವೆಂದು ವಾದಿಸಿದೆ. ಬೂಷ್ಟಿನ ಅಂಶ ಮುಚ್ಚಳದಲ್ಲಿ ಉಳಿದಿರಬಹುದು, ಅದನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸುತ್ತೇನೆ ಎಂದು ಮುಚ್ಚಳವನ್ನು ಕೇಳಿದೆ. ಅಕ್ಕ ಅದನ್ನು ಒಳಗೆ ಒಯ್ದು, ಹಪ್ಪಳದ ಪೊಟ್ಟಣದ ಜೊತೆ ಕಟ್ಟಿಕೊಟ್ಟಳು. ಶಿರಸಿಗೆ ಬಂದು ಮುಚ್ಚಳದ ಒಳಮೈಯನ್ನು ಪರೀಕ್ಷಿಸಿದೆ. ನನ್ನ ಆನಂದಕ್ಕೆ ಪಾರವಿರಲಿಲ್ಲ. ಅಲ್ಲಿ ಸೂಕ್ಷ್ಮವಾದ ಬಿಳಿಯ ಎಳೆಗಳಿದ್ದವು! ‘ಶುಕ್ರವಾರ. ಅಕ್ಕನ ಮನೆಯಲ್ಲಿ ದುರ್ಬೀನಿನ ಪರೀಕ್ಷೆ. ಮುಚ್ಚಳದಲ್ಲಿ ಬೂಷ್ಟಿನ ಎಳೆಗಳು ಸ್ಪಷ್ಟ’ ಎಂದು ಬರೆದು ಕೆಳಗೆ ಗೆರೆ ಎಳೆದೆ.

ಆದರೆ ಅಕ್ಕ ಗೆರೆಗಳಿಗೆ ಹೆದರುವವಳಲ್ಲ. ಆ ವಾರವೇ ಭಾವನನ್ನು ಹೊರಡಿಸಿಕೊಂಡು ಶಿರಸಿಗೆ ಬಂದಳು. ನಾನು ಜೊತೆಗೆ ಹೋದದ್ದು ಬರೀ ಸಹಾಯಕ್ಕೆ. ಹಾಗೆಂದು ನಾನು ಭಾವಿಸಿದ್ದೆ. ಕಣ್ಣಿನ ವೈದ್ಯೆ ಭಾವನನ್ನು ಪರೀಕ್ಷಿಸಿ, “ಎಷ್ಟು ದಿನದಿಂದ ಹೀಗೆ?” ಎಂದು ಕೇಳಿದರು.

“ಬಂದೂಕು ಈ ಹಿಂದಿನ ಸಲ ಠಾಣೆಯಿಂದ ವಾಪಸು ಬಂತಲ್ಲ, ಆವತ್ತಿಂದ” ಎಂದರು ಭಾವ.

ವೈದ್ಯೆ ನನ್ನ ಮುಖ ನೋಡಿದರು. ನಾನು ಅರ್ಥ ಬಿಡಿಸಿ ಹೇಳಿದೆ. ಅಷ್ಟರಲ್ಲಿ ಅಕ್ಕ ನನ್ನ ಚೀಲದಿಂದ ಟಿಪ್ಪಣಿ ಪುಸ್ತಕವನ್ನು ತೆಗೆದು ಅವರ ಮುಂದಿಟ್ಟಿದ್ದಳು. ಅವರು ಹಾಳೆ ತಿರುವಿದರು. ದುರ್ಬೀನು, ದಿನ, ಹೊತ್ತು, ಬಿಸಿಲಿನ ಪ್ರಮಾಣ, ಭಾವ ಕಂಡ ಮಂಜು, ನಾನು ಕಂಡ ಮಂಜು. ಅವರ ತುಟಿ ನಿಧಾನವಾಗಿ ಅಗಲವಾಯಿತು.

“ಪೊರೆಯ ಲಕ್ಷಣವನ್ನು ಇಷ್ಟು ಶ್ರದ್ಧೆಯಿಂದ ಬರೆದು ತಂದವರನ್ನು ನಾನು ಕಂಡಿಲ್ಲ. ಬಿಸಿಲಿಗೆ ಹೆಚ್ಚು, ದೊಡ್ಡ ದುರ್ಬೀನಿಗೆ ಹೆಚ್ಚು, ಎಲ್ಲಾ ಸರಿಯಾಗಿದೆ. ಆದರೆ ಈ ಕೊನೆಯ ಕಾಲಮ್ಮಿನವರು ಯಾರು?”

ಅಕ್ಕ ನನ್ನನ್ನು ತೋರಿಸಿದಳು. ಕುರ್ಚಿಯಿಂದ ಭಾವ ಎದ್ದರು, ನಾನು ಕುಳಿತೆ. ನನಗೂ ಪೊರೆ. ನನ್ನ ಇಬ್ಬರು ಸ್ವತಂತ್ರ ಸಾಕ್ಷಿಗಳು ಒಂದೇ ರೋಗದ ಇಬ್ಬರು ರೋಗಿಗಳಾಗಿದ್ದರು. ಜೀವಮಾನವಿಡೀ ಬೇರೆಯವರ ಸಾಕ್ಷ್ಯವನ್ನು ಕುಟ್ಟಿ ಕೇರಿ ನೋಡಿದವನಿಗೆ ತನ್ನದೇ ಸಾಕ್ಷಿಯ ಕಣ್ಣನ್ನು ಪರೀಕ್ಷಿಸಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಇಲ್ಲಿಗೆ ನಗು ಮುಗಿಯಿತು, ಯಾಕೆಂದರೆ ಹೊರಗೆ ಬೆಂಚಿನ ಮೇಲೆ ಭಾವ ಎರಡೂ ಕೈಯನ್ನು ತೊಡೆಯ ಮೇಲೆ ಊರಿ ಕುಳಿತಿದ್ದರು. ವೈದ್ಯೆ ಆಪರೇಶನ್ ಆಗಬೇಕೆಂದಿದ್ದರು; ಭಾವನ ತಂದೆಗೂ ಹಿಂದೆ ಎಲ್ಲೋ ಶಿಬಿರದಲ್ಲಿ ಪೊರೆಯ ಆಪರೇಶನ್ ಆಗಿತ್ತು. ಆಮೇಲೆ ದಪ್ಪ ಗಾಜಿನ ಕನ್ನಡಕ ಬಂದಿತ್ತು, ಬಂದೂಕು ಕೈಯಿಂದ ಹೋಗಿತ್ತು. ಆ ಹೋದ ಬಂದೂಕೇ ಇವರಿಗೆ ಬಂದದ್ದು.

“ಬಲಗಣ್ಣು ಗುರಿಯ ಕಣ್ಣು. ಅದನ್ನೇ ಮೊದಲು ಮಾಡವು ಹೇಳ್ತ್ರು. ಹೆಚ್ಚುಕಮ್ಮಿ ಆದ್ರೆ ಮತ್ತೆಂತ ಉಳೀತು, ಭಾವ? ಮಂಜಾದ್ರೂ ಇರ್ಲಿ. ಮಂಜಿನಲ್ಲಿ ಒಂದು ಕಾಯಿ ಇದ್ದು ಹೇಳಾದ್ರೂ ಗೊತ್ತಾಗ್ತು.”

ಈಗ ಕಾಲ ಬದಲಾಗಿದೆ, ಕಣ್ಣಿನೊಳಗೇ ಹೊಸ ಮಸೂರ ಕೂರಿಸುತ್ತಾರೆ ಎಂದು ವೈದ್ಯೆ ಹೇಳಿದ್ದನ್ನೇ ನಾನೂ ಹೇಳಿದೆ. ಅಕ್ಕನೂ ಹೇಳಿದಳು. ಭಾವ ನೆಲ ನೋಡುತ್ತಿದ್ದರು. ಪುಸ್ತಕದ ಮಾತು, ವೈದ್ಯೆಯ ಮಾತು, ಹೆಂಡತಿಯ ಮಾತು ಯಾವುದೂ ಅವರಿಗೆ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಕಂಡು ಬಂದವನ ಮಾತು.

“ಆನು ಮೊದಲು ಹೋಗ್ತೆ” ಎಂದೆ.

ಹೇಳಿದ ಮೇಲೆ ಹೆದರಿದೆ. ಮೂರು ಆಧಾರವಿಲ್ಲದೆ ಛತ್ರಿಯನ್ನೂ ಕೊಳ್ಳದ ಮನುಷ್ಯ ನಾನು. ಆದರೆ ಭಾವ ತಲೆಯೆತ್ತಿ ನೋಡಿದ ಆ ನೋಟದ ಎದುರು ಮಾತು ಹಿಂತೆಗೆದುಕೊಳ್ಳಲು ಆಗಲಿಲ್ಲ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ಬಹಳ ಗಂಭೀರವಾಗಿ, “ಹಂಗಾರೆ ಮೊದಲ ಗುಂಡು ನಿಂದು” ಎಂದರು. ಆ ಮನೆತನ ಅದುವರೆಗೆ ಹೊರಗಿನವರಿಗೆ ಅದನ್ನು ಬಿಟ್ಟುಕೊಟ್ಟಿರಲಿಲ್ಲ.

ಕಣ್ಣಿನೊಳಗೆ ಕೂರಿಸುವ ಮಸೂರದಲ್ಲೂ ಬಗೆಗಳಿವೆಯೆಂದು ಗೊತ್ತಾದಾಗ ನನ್ನ ಕೈ ತಾನಾಗಿ ಕೋಷ್ಟಕಕ್ಕೆ ಹೋಯಿತು. ಅಕ್ಕ ಪೆನ್ನು ಕಸಿದುಕೊಂಡಳು. ವೈದ್ಯೆ ಹೇಳಿದ್ದನ್ನೇ ಒಪ್ಪಿ ಒಳಗೆ ಹೋದೆ. ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಬೆಳಕು, ಇನ್ನಷ್ಟು ಬೆಳಕು, ಯಾರೋ ‘ಅಲ್ಲಾಡಬೇಡಿ’ ಎಂದದ್ದು, ಅಷ್ಟೇ ನೆನಪು. ಮರುದಿನ ಪಟ್ಟಿ ತೆಗೆದಾಗ ಎದುರಿಗೆ ಭಾವ ನಿಂತಿದ್ದರು. ಅವರ ಅಂಗಿಯ ಬಣ್ಣ ತಿಳಿನೀಲಿ. ಅದನ್ನು ಬೂದು ಎಂದು ನಾನು ಎಷ್ಟೋ ಕಾಲದಿಂದ ನಂಬಿದ್ದೆ.

“ಎಂತ ಕಾಣ್ತು?” ಎಂದು ಕೇಳಿದರು.

“ನಿಮ್ಮ ಮೂಗಿನ ಮೇಲೆ ಒಂದು ನರೂಲಿ ಕಾಣ್ತು” ಎಂದೆ.

ಭಾವ ಅಲ್ಲೇ ನಕ್ಕುಬಿಟ್ಟರು. ಮೂರು ವಾರದ ನಂತರ ಅವರೂ ಒಳಗೆ ಹೋದರು. ಹೊರಗೆ ಕಾಯುವಾಗ ಅಕ್ಕ ಸೆರಗಿನ ತುದಿಯನ್ನು ಮಡಿಚಿ ಬಿಚ್ಚಿ ಮಾಡುತ್ತಿದ್ದುದನ್ನು ನಾನು ಹೊಸ ಕಣ್ಣಿನಿಂದ ನೋಡಿದೆ.

ಆ ವರ್ಷದ ವಿಜಯದಶಮಿಗೆ ಬಂದೂಕಿನ ಮೇಲೆ ಇದ್ದದ್ದು ಇಪ್ಪತ್ತನಾಲ್ಕು ಪಟ್ಟಿನ ಸೌತೆಕಾಯಿಯಲ್ಲ, ಹುಬ್ಬಳ್ಳಿಯಿಂದ ಮೊದಲು ಬಂದ ನಾಲ್ಕು ಪಟ್ಟಿನದು; ನಾವು ‘ಮಂಜು, ಖಚಿತ’ ಎಂದು ಮೂಲೆಗೆ ಹಾಕಿದ್ದು. ಈಶ್ವರ ನಾಯ್ಕರು ಹೊಸ ಅಂಗಿ ತೊಟ್ಟು ಬಂದಿದ್ದರು. ಬಂದೋಬಸ್ತಿಗೆ ಬಂದ ಪೇದೆಯೂ ಅಂಗಿ ಚೆನ್ನಾಗಿದೆಯೆಂದು ಹೊಗಳಿದ. ಭಾವ ನನ್ನ ಪ್ಯಾಂಟಿನ ಕಾಲಿನ ಮೇಲೆ ನಳಿಗೆ ಊರಿದರು. ಕಣಿಯಲ್ಲಿ ಗಾಳಿ ಸುಳಿಯುತ್ತಿತ್ತು; ಕಾಯಿ ಸಣ್ಣಗೆ ತೂಗುತ್ತಿತ್ತು. ಗುಂಡು ಹಾರಿತು, ಸದ್ದು ಗೋಡೆಗೆ ಬಡಿದು ಹಿಂದೆ ಬಂತು. ಕಾಯಿ ಮೊದಲಿನ ಹಾಗೆಯೇ ತೂಗುತ್ತಿತ್ತು.

ಭಾವ ಬಂದೂಕನ್ನು ಮೆಲ್ಲಗೆ ಪಕ್ಕಕ್ಕಿಟ್ಟು ಎದ್ದು ನಿಂತರು. ಈಶ್ವರ ನಾಯ್ಕರ ಹೆಗಲು ನಗಲು ಶುರುಮಾಡಿತ್ತು. ಆಗ ನನಗೆ ಕಂಡಿತು. ಕಾಯಿಯ ಅಡಿಯಲ್ಲಿ ಬಿಸಿಲಿಗೆ ಹೊಳೆಯುವ ಒಂದು ಎಳೆ, ದಾರಕ್ಕಿಂತ ತೆಳ್ಳಗೆ.

“ನೀರು!” ಎಂದು ಕೂಗಿದೆ. ಸಂಶೋಧಕನಿಗೆ ಒಪ್ಪದ ದನಿಯಲ್ಲಿ ಕೂಗಿದೆ.

ತಕ್ಷಣ ನನಗೇ ಅನ್ನಿಸಿತು: ನಾನು ಭಾವನ ಸಂಬಂಧಿ, ನನ್ನ ಸಾಕ್ಷ್ಯ ನಡೆಯುವುದಿಲ್ಲ. ಈಶ್ವರ ನಾಯ್ಕರನ್ನೇ ನೋಡಲು ಕೇಳಿದೆ. ಪೇದೆಯ ಅಪ್ಪಣೆ ಪಡೆದು ಅವರು ನಡೆದು ಹೋಗಿ, ಕಾಯಿಯ ಅಡಿಗೆ ಬೊಗಸೆ ಒಡ್ಡಿ, ಒಂದಿಷ್ಟು ಹೊತ್ತು ನಿಂತರು. ಆಮೇಲೆ ಬೊಗಸೆಯಲ್ಲಿದ್ದುದನ್ನು ಕುಡಿದರು.

“ಸಿಹಿ ಉಂಟು ಹೆಗಡೇರೇ! ಅಂಗಿ ಬರೋ ವರ್ಷಕ್ಕೆ ಎತ್ತಿಡ್ತೆ.”

ಭಾವ ನಗಲಿಲ್ಲ. ದುರ್ಬೀನಿನ ಗಾಜನ್ನು ಪಂಚೆಯ ಅಂಚಿನಿಂದ ಒರೆಸುತ್ತಲೇ ಇದ್ದರು. ಒರೆಸಬೇಕಾದದ್ದು ಗಾಜಲ್ಲವೆಂದು ನನಗೆ ಸ್ಪಷ್ಟವಾಗಿ ಕಂಡಿತು. ಕಾಣದ ಹಾಗೆ ಲೆಕ್ಕದ ಪುಸ್ತಕ ತೆರೆದೆ.

ಇಷ್ಟೆಲ್ಲ ನೆನೆದು, ಆಚೆ ಮೊನ್ನೆ, ಮುಚ್ಚಳವನ್ನು ಹಾಗೇ ಖಾನೆಗೆ ಹಾಕುವವನಿದ್ದೆ. ಕಿಟಕಿಯ ಬೆಳಕಿಗೆ ಹಿಡಿದಾಗ ತಗ್ಗಿನ ಒಳಮೈಯಲ್ಲಿ ಆ ಬಿಳಿಯ ಎಳೆಗಳು ಕಂಡವು. ಇಷ್ಟು ವರ್ಷವಾದರೂ ಬೂಷ್ಟು ಬೆಳೆದಿಲ್ಲ, ಅಳಿದಿಲ್ಲ. ಭೂತಗನ್ನಡಿ ಬೇಕಾಗಲಿಲ್ಲ. ಅವು ಸೂಜಿಮೊನೆಯಿಂದ ಗೀರಿದ ಅಕ್ಷರಗಳು: ‘ಗೌರಿ. ಮಂಗಳವಾರ.’

ನಮ್ಮ ಅಕ್ಕ ನನಗೆ ಕಳಿಸುವ ಪ್ರತಿಯೊಂದು ಡಬ್ಬಿಯ ಮುಚ್ಚಳದೊಳಗೂ ಹೆಸರನ್ನೂ ಕಳಿಸಿದ ವಾರವನ್ನೂ ಸೂಜಿಯಿಂದ ಗೀರುತ್ತಾಳೆ. ನನ್ನ ಮನೆಗೆ ಹೋದ ಡಬ್ಬಿ ತಾನಾಗಿ ಮರಳುವುದಿಲ್ಲವೆಂದು ಅವಳ ಅನುಭವ. ದುರ್ಬೀನಿನ ಮುಚ್ಚಳವೂ ಅವಳಿಗೆ ಒಂದು ಮುಚ್ಚಳವೇ. ನಾನು ಭೂತಗನ್ನಡಿಯಲ್ಲಿ ನೋಡಿ ಬೂಷ್ಟೆಂದು ದಾಖಲಿಸಿ, ಕೆಳಗೆ ಗೆರೆಯನ್ನೂ ಎಳೆದದ್ದು ನನ್ನ ಅಕ್ಕನ ಕೈಬರಹವನ್ನು.

ಫೋನು ಮಾಡಿದೆ.

“ಈಗ ಕಂಡ್ತಾ?” ಎಂದಳು ಅಕ್ಕ. “ಆ ಮುಚ್ಚಳ ಇಲ್ಲದ್ದೆ ನಿನ್ನ ಭಾವ ಗಾಜಿಗೆ ಎನ್ನ ಉಪ್ಪಿನಕಾಯಿ ಭರಣಿಯ ಬಟ್ಟೆ ಕಟ್ತ. ಬಪ್ಪಾಗ ತಗಂಡು ಬಾ. ಡಬ್ಬಿಗಳನ್ನೂವ.”

ಹಳೆಯ ಟಿಪ್ಪಣಿ ಪುಸ್ತಕ ತೆಗೆದೆ. ಗೆರೆ ಎಳೆದ ಆ ಸಾಲಿನಲ್ಲಿ ‘ಶುಕ್ರವಾರ’ವನ್ನು ಹೊಡೆದು ‘ಮಂಗಳವಾರ’ ಎಂದು ಬರೆದೆ. ‘ಬೂಷ್ಟಿನ ಎಳೆಗಳು’ ಎಂಬುದನ್ನೂ ಹೊಡೆದೆ. ಖಚಿತಪಡಿಸಿಕೊಳ್ಳಲು ಆ ದಿನದ ಬಸ್ಸಿನ ಚೀಟಿ ಎಲ್ಲಾದರೂ ಇದ್ದೀತು ಎಂದು ಕೈ ಖಾನೆಯ ಕಡೆಗೆ ಹೋಯಿತು. ಖಾನೆಯನ್ನು ಮುಚ್ಚಿ, ಅಂಚಿನಲ್ಲಿ ಬರೆದೆ: ‘ಆಧಾರ: ಅಕ್ಕ. ಬೇರೆ ಸಾಕ್ಷಿ ಬೇಕಿಲ್ಲ.’